ಕಮ್ಮಟದ ತಪ್ಪು, ಕೈಯ ಕರಾಮತ್ತು



ಹಳೆಯ ನಾಣ್ಯ ಮಾರುವವನೊಬ್ಬ ಬಟ್ಟೆ ಹಾಸಿ ಕೂತಿದ್ದಾನೆ ಎಂದುಕೊಳ್ಳಿ. ಅವನ ಮುಂದೆ ಐದನೇ ಜಾರ್ಜ್ ದೊರೆಯ ಕಾಲದ ಎರಡು ಕಾಲಾಣೆಗಳಿವೆ. ಎರಡೂ ಕಂಚಿನವು, ಎರಡೂ ಒಂದೇ ವರ್ಷದವು. ಎರಡರಲ್ಲೂ ಅಂಚಿನ ಕಡೆ ಯಾರೋ ಕಚ್ಚಿದ ಹಾಗೆ ಒಂದು ತುಣುಕು ಇಲ್ಲ. ನಾಣ್ಯ ಬಲ್ಲವರು ಬಂದು ಎರಡನ್ನೂ ತಿರುಗಿಸಿ ನೋಡುತ್ತಾರೆ. ಒಂದಕ್ಕೆ ಮಾಮೂಲಿ ಬೆಲೆಯ ಹಲವು ಪಟ್ಟು ಕೊಟ್ಟು ಜೇಬಿಗಿಳಿಸುತ್ತಾರೆ. ಇನ್ನೊಂದನ್ನು ಪುಕ್ಕಟೆ ಕೊಟ್ಟರೂ ಬೇಡ ಅನ್ನುತ್ತಾರೆ. ಮೊದಲನೆಯದರ ತುಣುಕು ಹೋದದ್ದು ಸರ್ಕಾರದ ಟಂಕಸಾಲೆಯಲ್ಲಿ. ಎರಡನೆಯದರದ್ದು ಹೋದದ್ದು ಯಾವುದೋ ಮನೆಯ ಹಿತ್ತಿಲಲ್ಲಿ, ಅರ ಹಿಡಿದವನ ಕೈಯಲ್ಲಿ.

ಟಂಕಸಾಲೆ, ಅಂದರೆ ಕಮ್ಮಟ, ಮಾಡಿದ ತಪ್ಪು ಯಾವುದು, ಆಮೇಲೆ ಮನುಷ್ಯರ ಕೈ ಮಾಡಿದ ಕರಾಮತ್ತು ಯಾವುದು ಎಂದು ಗುರುತಿಸುವ ಬಗೆ ಇವತ್ತಿನ ಮಾತಿನ ವಿಷಯ. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ನಾಣ್ಯದ ಮೇಲೆ ಕಾಣುವ ಯಾವುದೇ ಗುರುತಿಗೆ ಒಂದೇ ಪ್ರಶ್ನೆ ಹಾಕಬೇಕು: ಇದು ಅಚ್ಚಿನ ಪೆಟ್ಟು ಬೀಳುವುದಕ್ಕೆ ಮೊದಲು ಆದದ್ದೋ, ಪೆಟ್ಟು ಬೀಳುವಾಗ ಆದದ್ದೋ, ಪೆಟ್ಟು ಬಿದ್ದ ಮೇಲೆ ಆದದ್ದೋ? ಪೆಟ್ಟು ಬೀಳುವ ಕ್ಷಣದಲ್ಲಿ ಲೋಹ ಒತ್ತಡಕ್ಕೆ ಸಿಕ್ಕಿ ಹರಿಯುತ್ತದೆ. ಮೊದಲೇ ಇದ್ದ ಕುಂದಿನ ಸುತ್ತ ಹಾಗೆ ಹರಿದ ಜಾಡು ಉಳಿಯುತ್ತದೆ. ಆಮೇಲೆ ಮಾಡಿದ ಗಾಯಕ್ಕೆ ಆ ಜಾಡು ಇರುವುದಿಲ್ಲ. ಉಳಿದದ್ದೆಲ್ಲ ಈ ಮಾತಿನ ವಿಸ್ತಾರ.

ಆದರೆ ತಪ್ಪು ಹುಡುಕುವ ಮೊದಲು ಆ ಕಾಲದಲ್ಲಿ ಸರಿ ಅನ್ನುವುದು ಯಾವುದಾಗಿತ್ತು ಎಂದು ತಿಳಿದಿರಬೇಕು. ನಮ್ಮಲ್ಲಿ ಯಂತ್ರ ಬರುವ ಮೊದಲು ನಾಣ್ಯ ಹೊಡೆಯುತ್ತಿದ್ದದ್ದು ಕೈಯಿಂದ. ಒಂದು ಅಚ್ಚನ್ನು ಕೆಳಗೆ ಗಟ್ಟಿಯಾಗಿ ಕೂರಿಸಿ, ಅದರ ಮೇಲೆ ಲೋಹದ ಬಿಲ್ಲೆ ಇಟ್ಟು, ಇನ್ನೊಂದು ಅಚ್ಚನ್ನು ಮೇಲೆ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಬಿಲ್ಲೆ ಪೂರ್ತಿ ದುಂಡಗಿರುತ್ತಿರಲಿಲ್ಲ. ಎಷ್ಟೋ ಸಲ ಅಚ್ಚು ಬಿಲ್ಲೆಗಿಂತ ದೊಡ್ಡದಾಗಿರುತ್ತಿತ್ತು. ಹಾಗಾಗಿ ಪೂರ್ತಿ ಬರಹ ಒಂದೇ ನಾಣ್ಯದಲ್ಲಿ ಮೂಡುವುದೇ ಅಪರೂಪ.

ಟಿಪ್ಪು ಸುಲ್ತಾನನ ತಾಮ್ರದ ಪೈಸೆಯನ್ನೇ ತೆಗೆದುಕೊಳ್ಳಿ. ಒಂದು ಕಡೆ ಆನೆ, ಇನ್ನೊಂದು ಕಡೆ ಪಾರಸಿ ಲಿಪಿಯಲ್ಲಿ ಟಂಕಸಾಲೆಯ ಹೆಸರು. ಶ್ರೀರಂಗಪಟ್ಟಣ, ನಗರ, ಬೆಂಗಳೂರು, ಗುತ್ತಿ, ಹೀಗೆ ಹಲವು ಊರುಗಳಲ್ಲಿ ಇವು ತಯಾರಾದವು. ಕೆಲವದರಲ್ಲಿ ಆನೆಗೆ ಬಾಲ ಇರುವುದಿಲ್ಲ, ಕೆಲವದರಲ್ಲಿ ಕಾಲು ಹೊರಗೆ ಹೋಗಿರುತ್ತದೆ. ಅಂಚಿನಿಂದ ಒಳಕ್ಕೆ ಸಣ್ಣ ಸೀಳುಗಳೂ ಇರಬಹುದು. ಸುತ್ತಿಗೆ ಪೆಟ್ಟಿಗೆ ಬಿಲ್ಲೆ ಹಿಗ್ಗುವಾಗ ಅಂಚು ಬಿರಿಯುವುದು ಸಹಜ. ಇವು ಯಾವುವೂ ತಪ್ಪಲ್ಲ, ಆ ಕೆಲಸದ ರೀತಿಯೇ ಹಾಗೆ. ಇನ್ನೊಂದು ಸ್ವಾರಸ್ಯ ನೋಡಿ. ಟಿಪ್ಪು ಮೌಲೂದಿ ಎಂಬ ಶಕೆಯನ್ನು ಬಳಕೆಗೆ ತಂದ ಮೇಲೆ ನಾಣ್ಯದ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1224 ಎಂಬ ವರ್ಷ ಎಡದಿಂದ ಓದುವ ನಮ್ಮ ಕಣ್ಣಿಗೆ 4221 ಎಂದು ಕಾಣುತ್ತದೆ. ಗೊತ್ತಿಲ್ಲದವರು ಅಚ್ಚು ಕೊರೆದವನೇ ಎಡವಿದ್ದಾನೆ, ಇದು ಭಾರಿ ಅಪರೂಪದ ನಾಣ್ಯ ಎಂದು ಹಣ ಸುರಿಯುತ್ತಾರೆ. ಅದು ದೊರೆಯ ಅಪ್ಪಣೆಯಂತೆಯೇ ಕೊರೆದದ್ದು.

ಈಗ ಯಂತ್ರದ ಕಾಲಕ್ಕೆ ಬರೋಣ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಆಡಳಿತದ ಪ್ರದೇಶಕ್ಕೆಲ್ಲ ಒಂದೇ ಬಗೆಯ ರೂಪಾಯಿ ತಂದಿತು. ತೂಕ 180 ಗ್ರೇನ್, ಅಂದರೆ ಸರಿಯಾಗಿ ಒಂದು ತೊಲ, ಈಗಿನ ಲೆಕ್ಕದಲ್ಲಿ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ಬೆರಕೆ. ಅಕ್ಕಸಾಲಿಗರು ರೂಪಾಯಿಯನ್ನೇ ತೂಕದ ಬೊಟ್ಟಾಗಿ ತಕ್ಕಡಿಯಲ್ಲಿ ಇಡುತ್ತಿದ್ದದ್ದು ಇದೇ ಕಾರಣಕ್ಕೆ. ಅಳತೆ ಇಷ್ಟು ಕರಾರುವಾಕ್ಕಾದ ಮೇಲೆ ತಪ್ಪು ಎನ್ನುವುದಕ್ಕೂ ಖಚಿತವಾದ ಅರ್ಥ ಬಂತು.

ಯಂತ್ರದಲ್ಲಿ ಮೊದಲ ಹಂತ ಬಿಲ್ಲೆ ಕತ್ತರಿಸುವುದು. ಲೋಹದ ಉದ್ದನೆಯ ಪಟ್ಟಿ ಮುಂದಕ್ಕೆ ಸರಿಯುತ್ತಿರುತ್ತದೆ, ದುಂಡಗಿನ ಉಳಿ ಮೇಲಿಂದ ಇಳಿದು ಬಿಲ್ಲೆ ಕತ್ತರಿಸುತ್ತದೆ. ಲಟ್ಟಿಸಿದ ಹಿಟ್ಟಿನ ಮೇಲೆ ಲೋಟ ಒತ್ತಿ ಪೂರಿ ಕತ್ತರಿಸುತ್ತೇವಲ್ಲ, ಹಾಗೆ. ಲೋಟವನ್ನು ಸಾಕಷ್ಟು ದೂರ ಸರಿಸದೆ ಒತ್ತಿದರೆ ಮೊದಲಿನ ತೂತು ಹೊಸ ಪೂರಿಯ ಅಂಚನ್ನು ತಿನ್ನುತ್ತದೆ. ಬಿಲ್ಲೆಗೂ ಅದೇ ಆಗುತ್ತದೆ. ಆ ಬಿಲ್ಲೆ ಮುಂದೆ ಇನ್ನೊಂದು ಯಂತ್ರದೊಳಗೆ ಉರುಳುತ್ತದೆ. ಅಲ್ಲಿ ಎರಡೂ ಕಡೆಯಿಂದ ಒತ್ತಿ ಸುತ್ತಲೂ ಎತ್ತರದ ಅಂಚು ಏಳಿಸುತ್ತಾರೆ. ತುಣುಕು ಹೋದ ಜಾಗ ಉರುಳಿ ಬಂದಾಗ ಅಲ್ಲಿ ಒತ್ತಲು ಲೋಹವಿಲ್ಲ. ಒಂದು ಕಡೆ ಆನಿಕೆ ಇಲ್ಲದಿದ್ದರೆ ಎದುರು ಕಡೆಗೂ ಒತ್ತಡ ಬೀಳದು. ಪರಿಣಾಮ ಏನೆಂದರೆ, ತುಣುಕು ಹೋದ ಜಾಗದ ಸರಿಯಾಗಿ ಎದುರಿಗೆ ಅಂಚು ಮಂಕಾಗಿ, ಸಪಾಟಾಗಿ ಉಳಿಯುತ್ತದೆ.

ಮೊದಲು ಹೇಳಿದ ಕಾಲಾಣೆಗಳನ್ನು ಅಳೆದದ್ದು ಈ ಅಳತೆಗೋಲಿನಿಂದ. ಟಂಕಸಾಲೆಯ ನಾಣ್ಯದಲ್ಲಿ ಎದುರು ಅಂಚು ಸಪಾಟಾಗಿದೆ. ಕುಂದಿನ ಪಕ್ಕದ ಅಕ್ಷರಗಳು ಕುಂದಿನ ಕಡೆಗೆ ಜಗ್ಗಿದಂತೆ ತೆಳುವಾಗಿವೆ, ಏಕೆಂದರೆ ಪೆಟ್ಟು ಬಿದ್ದಾಗ ಲೋಹ ಖಾಲಿ ಜಾಗಕ್ಕೆ ಹರಿದಿದೆ. ಹಿತ್ತಿಲಿನ ನಾಣ್ಯದಲ್ಲಿ ಎದುರು ಅಂಚು ದೃಢವಾಗಿದೆ. ಅಕ್ಷರ ಗರಗಸ ಹಾಕಿದಂತೆ ಥಟ್ಟನೆ ನಿಂತಿದೆ. ಕತ್ತರಿಸಿದ ಮೈಯಲ್ಲಿ ಅರದ ಗೀರುಗಳಿವೆ, ಬಣ್ಣವೂ ಬೇರೆ. ಇವು ಬರಿಗಣ್ಣಿಗೇ ಕಾಣುತ್ತವೆ, ಎಲ್ಲಿ ನೋಡಬೇಕು ಎಂದು ಗೊತ್ತಿದ್ದರೆ ಸಾಕು.

ಬಿಲ್ಲೆಯ ಇನ್ನೊಂದು ಕುಂದು ಪದರ ಏಳುವುದು. ಲೋಹ ಕರಗಿಸುವಾಗ ಕಸವೋ ಗಾಳಿಯೋ ಸೇರಿಕೊಂಡು, ಪಟ್ಟಿ ಲಟ್ಟಿಸುವಾಗ ಅದು ತೆಳ್ಳನೆಯ ಹಾಳೆಯಾಗಿ, ಮುಂದೊಂದು ದಿನ ಸಿಪ್ಪೆಯಂತೆ ಎದ್ದು ಬರುತ್ತದೆ. ಸಿಪ್ಪೆ ಹೋದ ಜಾಗದಲ್ಲಿ ಉದ್ದುದ್ದ ನಾರಿನಂಥ ಗೆರೆಗಳು ಒಂದೇ ದಿಕ್ಕಿಗೆ ಓಡುತ್ತವೆ. ಉಳಿಯಿಂದ ಕೆತ್ತಿದ ಗಾಯದಲ್ಲಿ ಈ ನಾರು ಇರುವುದಿಲ್ಲ.

ಎರಡನೆಯ ಹಂತ ಪೆಟ್ಟಿನ ಕ್ಷಣದ್ದು. ಇಲ್ಲಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸೂತ್ರ ಒಂದಿದೆ. ಅಚ್ಚಿನಲ್ಲಿ ತಗ್ಗಾದದ್ದು ನಾಣ್ಯದಲ್ಲಿ ಉಬ್ಬಾಗುತ್ತದೆ. ಅಚ್ಚು ಉಕ್ಕಿನದು. ಸಾವಿರಾರು ಪೆಟ್ಟು ತಿಂದು ಬಿರುಕು ಬಿಟ್ಟರೆ ಆ ಬಿರುಕಿನೊಳಗೆ ನಾಣ್ಯದ ಲೋಹ ನುಗ್ಗುತ್ತದೆ, ನಾಣ್ಯದ ಮೇಲೆ ಕೂದಲೆಳೆಯಂಥ ಉಬ್ಬುಗೆರೆ ಮೂಡುತ್ತದೆ. ಅಚ್ಚಿನ ಅಂಚು ಚೂರಾಗಿ ಬಿದ್ದೇ ಹೋದರೆ ನಾಣ್ಯದ ಅಂಚಿನಲ್ಲಿ ಆಕಾರವಿಲ್ಲದ ಗಡ್ಡೆ ಏಳುತ್ತದೆ. ಅಚ್ಚು ತೇವಕ್ಕೆ ತುಕ್ಕು ಹಿಡಿದು ಕುಳಿ ಬಿದ್ದಿದ್ದರೆ ನಾಣ್ಯದ ಮೇಲೆ ಸಾಸಿವೆಗಿಂತ ಸಣ್ಣ ಉಬ್ಬುಚುಕ್ಕೆಗಳು ಕಾಣುತ್ತವೆ. ನಾಣ್ಯಕ್ಕೇ ಕಿಲುಬು ಹಿಡಿದು ಕೊರೆದಿದ್ದರೆ ಆ ಚುಕ್ಕೆಗಳು ತಗ್ಗಾಗಿರುತ್ತವೆ. ಉಗುರಿನಿಂದ ಮುಟ್ಟಬೇಕಾಗಿಲ್ಲ, ದೀಪದ ಬೆಳಕನ್ನು ಒಂದು ಬದಿಯಿಂದ ಬೀಳಿಸಿ ನಾಣ್ಯವನ್ನು ಓರೆ ಮಾಡಿದರೆ ನೆರಳು ಯಾವ ಕಡೆ ಬೀಳುತ್ತದೆ ಎನ್ನುವುದರಿಂದಲೇ ಉಬ್ಬು ತಗ್ಗು ಗೊತ್ತಾಗುತ್ತದೆ.

ಸೂತ್ರಕ್ಕೆ ಅಪವಾದಗಳೂ ಇವೆ. ಅಚ್ಚಿನ ಅಕ್ಷರದೊಳಗೆ ಗ್ರೀಸು ಕಸ ತುಂಬಿಕೊಂಡರೆ ನಾಣ್ಯದಲ್ಲಿ ಆ ಅಕ್ಷರ ಮೂಡುವುದೇ ಇಲ್ಲ. ಇಸವಿಯ ಒಂದು ಅಂಕಿ ಮಾಯವಾಗಿರಬಹುದು. ಆಗ ಆ ಜಾಗದ ಮೈ ಸುತ್ತಲಿನಷ್ಟೇ ಸಹಜವಾಗಿರಬೇಕು. ಯಾರಾದರೂ ಉಜ್ಜಿ ಅಳಿಸಿದ್ದರೆ ಅಲ್ಲಿ ಹಳ್ಳ ಇರುತ್ತದೆ, ಹೊಳಪು ಬೇರೆಯಾಗಿರುತ್ತದೆ.

ಪೆಟ್ಟಿನ ತಪ್ಪುಗಳಲ್ಲಿ ಸಂಗ್ರಾಹಕರಿಗೆ ಬಹಳ ಪ್ರಿಯವಾದದ್ದು ಹರಾಜಿನ ಪಟ್ಟಿಗಳಲ್ಲಿ ‘ಲಖಿ’ ಎಂದು ಕರೆಸಿಕೊಳ್ಳುವ ನಾಣ್ಯ. ಹೊಡೆದ ನಾಣ್ಯವೊಂದು ಹೊರಬೀಳದೆ ಅಚ್ಚಿಗೇ ಅಂಟಿಕೊಂಡು ಬಿಡುತ್ತದೆ. ಮುಂದಿನ ಬಿಲ್ಲೆ ಬಂದಾಗ ಒಂದು ಕಡೆ ಅಚ್ಚು, ಇನ್ನೊಂದು ಕಡೆ ಆ ಅಂಟಿಕೊಂಡ ನಾಣ್ಯ. ಹಾಗಾಗಿ ಹೊಸ ನಾಣ್ಯದ ಒಂದು ಕಡೆ ರಾಜನ ತಲೆ ಉಬ್ಬಾಗಿ, ಇನ್ನೊಂದು ಕಡೆ ಅದೇ ತಲೆ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿ ಮೂಡುತ್ತದೆ. ಬೇಡಿಕೆ ಇದ್ದಲ್ಲಿ ನಕಲಿಯೂ ಹುಟ್ಟುತ್ತದೆ. ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ಬೆಂಚ್ ವೈಸ್‌ನಲ್ಲಿ ಬಿಗಿದು ಒತ್ತುತ್ತಾರೆ. ಅದನ್ನು ಹಿಡಿಯುವುದು ಸುಲಭ. ನಿಜವಾದ ಲಖಿಯ ತಗ್ಗು ಕಡೆಯಲ್ಲಿ ಆ ಬದಿಗೆ ಇರಬೇಕಾಗಿದ್ದ ಮಾಮೂಲಿ ಚಿತ್ರ ಸುತರಾಂ ಇರುವುದಿಲ್ಲ, ಏಕೆಂದರೆ ಆ ಬದಿಯ ಅಚ್ಚು ಬಿಲ್ಲೆಯನ್ನು ಮುಟ್ಟಿಯೇ ಇಲ್ಲ. ವೈಸ್‌ನಲ್ಲಿ ಒತ್ತಿದ್ದರಲ್ಲಿ ಹಳೆಯ ಚಿತ್ರ ಜಜ್ಜಿ ಹೋಗಿ ಅಡಿಯಲ್ಲಿ ಉಳಿದಿರುತ್ತದೆ, ಅದರ ಮೇಲೆ ತಿರುಗುಮುರುಗಾದ ಅಕ್ಷರಗಳು ಅರೆಬರೆಯಾಗಿ ಕಾಣುತ್ತವೆ.

ಎರಡೂ ಕಡೆ ರಾಜನ ತಲೆಯೇ ಉಬ್ಬಾಗಿ ಇರುವ ನಾಣ್ಯ ಸಿಕ್ಕಿತು ಎಂದು ಹಿಗ್ಗಬೇಡಿ. ಜಾದೂಗಾರರಿಗಾಗಿ ಹಾಗೆ ಮಾಡಿಕೊಡುವವರು ಉಂಟು. ಒಂದು ನಾಣ್ಯದ ಒಳಭಾಗ ಕಡೆದು ತೆಗೆದು, ಇನ್ನೊಂದನ್ನು ತೆಳ್ಳಗೆ ಮಾಡಿ ಅದರೊಳಗೆ ಕೂರಿಸುತ್ತಾರೆ. ಅಂಚಿನ ಒಳಮಗ್ಗುಲಲ್ಲಿ ಸುತ್ತಲೂ ಕೂಡು ಗೆರೆ ಹುಡುಕಿ. ಬೆರಳ ತುದಿಯ ಮೇಲೆ ಇಟ್ಟು ಇನ್ನೊಂದು ನಾಣ್ಯದಿಂದ ಮೆಲ್ಲಗೆ ತಟ್ಟಿ ನೋಡಿ. ಒಂದೇ ಲೋಹದ ಗಟ್ಟಿ ನಾಣ್ಯ ಠಣ್ ಎಂದು ನಾದ ಕೊಡುತ್ತದೆ, ಜೋಡಿಸಿದ್ದು ಡಬ್ ಎನ್ನುತ್ತದೆ.

ತಪ್ಪಿನಂತೆ ಕಂಡು ತಪ್ಪಲ್ಲದ ಒಂದೆರಡು ಸಂಗತಿ ಹೇಳಿ ಮುಂದಕ್ಕೆ ಹೋಗುತ್ತೇನೆ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿಗಳ ಹಿಂಭಾಗದಲ್ಲಿ ಸಣ್ಣ ಚುಕ್ಕಿಗಳಿರುತ್ತವೆ. 1862 ಎಂಬ ಇಸವಿಯನ್ನೇ 1874ರವರೆಗೆ ಬದಲಿಸದೆ ಹೊಡೆದರು. ನಡುವಿನ ವರ್ಷಗಳಿಗೆ ಈ ಚುಕ್ಕಿಗಳೇ ಗುರುತು. ಇನ್ನೊಂದು 1911ರ ರೂಪಾಯಿ. ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಮೋಟಾಗಿ, ನೋಡಿದವರಿಗೆ ಹಂದಿಯಂತೆ ಕಂಡಿತು. ಜನ ಗಲಾಟೆ ಮಾಡಿದರು, ಸರ್ಕಾರ ನಾಣ್ಯಗಳನ್ನು ಹಿಂದಕ್ಕೆ ಪಡೆಯಿತು, 1912ರಲ್ಲಿ ಆನೆಯನ್ನು ತಿದ್ದಿ ಉದ್ದ ಸೊಂಡಿಲು ಕೊಟ್ಟಿತು. ಇದು ಟಂಕಸಾಲೆಯ ತಪ್ಪಲ್ಲ, ಚಿತ್ರ ಬರೆದವರದ್ದು. ಆದರೆ ಪರೀಕ್ಷಕನಿಗೆ ಉಪಕಾರವಾಗುವ ಸಂಗತಿ. ಇಸವಿ 1911 ಎಂದಿದ್ದು ಆನೆಗೆ ಸೊಂಡಿಲು ಉದ್ದವಿದ್ದರೆ, ಯಾರೋ ಎರಡನ್ನು ಒಂದು ಮಾಡಿದ್ದಾರೆ ಎಂದೇ ಅರ್ಥ.

ಇನ್ನು ಮೂರನೆಯ ಹಂತ, ಟಂಕಸಾಲೆಯ ಬಾಗಿಲು ದಾಟಿದ ಮೇಲೆ ನಾಣ್ಯಕ್ಕೆ ಆದದ್ದು. ಇಲ್ಲಿಯೇ ಹೆಚ್ಚು ಹಣ ಕಳೆಯುವುದು.

ಸವೆತ ಸಹಜ. ಕೈಯಿಂದ ಕೈಗೆ ಹೋದ ನಾಣ್ಯದಲ್ಲಿ ಮೊದಲು ಸವೆಯುವುದು ಎತ್ತರದ ಭಾಗ: ರಾಜನ ಕೆನ್ನೆ, ಕಿವಿ, ಕಿರೀಟದ ತುದಿ. ಪೆಟ್ಟು ಸಾಲದೆ ಇದ್ದಾಗಲೂ ಇದೇ ಭಾಗಗಳು ಮಂಕಾಗಿರುತ್ತವೆ. ಎರಡಕ್ಕೂ ವ್ಯತ್ಯಾಸ ಹೇಗೆ? ಸವೆದ ಜಾಗ ನುಣುಪಾಗಿ, ಬಣ್ಣ ಬೇರೆಯಾಗಿರುತ್ತದೆ. ಪೆಟ್ಟು ಸಾಲದ ಜಾಗದಲ್ಲಿ ಬಿಲ್ಲೆಯ ಮೂಲ ಒರಟುತನ ಉಳಿದಿರುತ್ತದೆ, ಸುತ್ತಲಿನ ಹೊಳಪು ಅದರ ಮೇಲೂ ಹಾದು ಹೋಗುತ್ತದೆ.

ಹದಿನೆಂಟನೆಯ ಶತಮಾನದ ಬೆಳ್ಳಿ ರೂಪಾಯಿಗಳ ಮೇಲೆ ಸಣ್ಣ ಸಣ್ಣ ಮುದ್ರೆಗಳು, ಉಳಿಯ ಏಟುಗಳು ಇರುತ್ತವೆ. ಅವು ಚಿನಿವಾರರು, ಸರಾಫರು ಹಾಕಿದ ಪರೀಕ್ಷೆಯ ಗುರುತು. ಒಳಗೆ ತಾಮ್ರ ಇಟ್ಟು ಮೇಲೆ ಬೆಳ್ಳಿ ಹೊದಿಸಿಲ್ಲ ತಾನೆ ಎಂದು ನೋಡಿ, ಒಪ್ಪಿದ್ದಕ್ಕೆ ಮುದ್ರೆ ಒತ್ತುತ್ತಿದ್ದರು. ಪೆಟ್ಟಿನ ನಂತರದ್ದಾದರೂ ಅದರಲ್ಲಿ ವಂಚನೆಯಿಲ್ಲ. ನಾಣ್ಯ ಪೇಟೆಯಲ್ಲಿ ನಡೆದಾಡಿದ್ದಕ್ಕೆ ಅದೇ ಸಾಕ್ಷಿ.

ಆದರೆ ನಾಣ್ಯಕ್ಕೆ ಅತಿ ಹೆಚ್ಚು ಹಾನಿ ಮಾಡಿದವರು ಕಳ್ಳರೂ ಅಲ್ಲ, ನಕಲಿ ಮಾಡುವವರೂ ಅಲ್ಲ. ತೊಳೆದವರು. ನಮ್ಮ ಮನೆಗಳಲ್ಲಿ ಲಕ್ಷ್ಮೀಪೂಜೆಗೆ ಇಡುವ ಹಳೆಯ ರೂಪಾಯಿಯನ್ನು ವರ್ಷವರ್ಷವೂ ಹುಣಸೆಹಣ್ಣು, ವಿಭೂತಿ, ಬೂದಿ ಹಾಕಿ ತಿಕ್ಕುತ್ತೇವೆ. ಭಕ್ತಿಗೆ ಅದು ಸರಿಯೇ. ಆದರೆ ಸಂಗ್ರಹದ ದೃಷ್ಟಿಯಿಂದ ಪ್ರತಿ ತಿಕ್ಕುವಿಕೆಯೂ ಒಂದು ಪದರ ಮೈ ಕಿತ್ತಂತೆ. ಹೊಸ ನಾಣ್ಯದ ಮೈಮೇಲೆ ಲೋಹ ಹರಿದ ಅತಿ ಸೂಕ್ಷ್ಮ ಗೆರೆಗಳು ನಡುವಿನಿಂದ ಅಂಚಿಗೆ ಹರಡಿರುತ್ತವೆ. ದೀಪದ ಕೆಳಗೆ ನಾಣ್ಯ ತಿರುಗಿಸಿದರೆ ಬೆಳಕು ಬಂಡಿಚಕ್ರದ ಅರೆಕಾಲುಗಳ ಆಕಾರದಲ್ಲಿ ಸುತ್ತುವುದು ಈ ಗೆರೆಗಳಿಂದ. ಒಮ್ಮೆ ಬೂದಿ ಹಾಕಿ ತಿಕ್ಕಿದರೆ ಅವು ಹೋದವು, ಯಾವ ಔಷಧಿಯಿಂದಲೂ ಮರಳಿ ಬರುವುದಿಲ್ಲ.

ತಿಕ್ಕಿದ ನಾಣ್ಯ ಗುರುತಿಸಲು ಎರಡು ಉಪಾಯ. ಒಂದು, ಸವೆದ ನಾಣ್ಯದಲ್ಲಿ ಅಕ್ಷರದ ಸಂದುಗಳು ಕಪ್ಪಗೂ ಎತ್ತರದ ಭಾಗ ತಿಳಿಯಾಗಿಯೂ ಇರಬೇಕು. ರಾಜನ ಕಿವಿ ಸವೆದು ಹೋಗಿದ್ದರೂ ಸಂದುಗೊಂದುಗಳೆಲ್ಲ ಫಳಫಳ ಹೊಳೆಯುತ್ತಿದ್ದರೆ ಅದು ತೊಳೆದ ನಾಣ್ಯ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ. ಎರಡು, ಭೂತಗನ್ನಡಿಯಲ್ಲಿ ನೋಡಿದಾಗ ಕೂದಲಿಗಿಂತ ತೆಳುವಾದ ಗೀರುಗಳು ಜೊತೆಜೊತೆಯಾಗಿ ಒಂದೇ ದಿಕ್ಕಿಗೆ ಓಡಿದ್ದರೆ ಅದು ಬಟ್ಟೆಯೋ ಬ್ರಷ್ಷೋ ಓಡಾಡಿದ ಜಾಡು. ತಾಮ್ರದ ನಾಣ್ಯವಾದರೆ ತೊಳೆದ ಮೇಲೆ ಹಸಿ ಗುಲಾಬಿ ಬಣ್ಣ ಬರುತ್ತದೆ. ಹಳೆಯ ತಾಮ್ರಕ್ಕೆ ಆ ಬಣ್ಣ ಸಹಜವಲ್ಲ.

ಇನ್ನೂ ಪಳಗಿದ ಕೈಗಳು ಯಂತ್ರಕ್ಕೆ ತಂತಿಯ ಬ್ರಷ್ ಸಿಕ್ಕಿಸಿ ನಾಣ್ಯದ ಮೇಲೆ ತಿರುಗಿಸುತ್ತವೆ. ದೂರದಿಂದ ಹೊಸ ನಾಣ್ಯದ ಹೊಳಪೇ ಕಾಣುತ್ತದೆ. ಆದರೆ ಬ್ರಷ್ ಮೈಯ ಲೋಹವನ್ನು ತಳ್ಳಿಕೊಂಡು ಹೋಗಿ ಅಕ್ಷರಗಳ ಬುಡಕ್ಕೆ ಒತ್ತಿರುತ್ತದೆ. ಅಕ್ಷರದ ಒಂದೇ ಮಗ್ಗುಲಲ್ಲಿ ಸಣ್ಣ ಬದು ಕಂಡರೆ ಆ ನಾಣ್ಯ ಕೆಳಗಿಡಿ. ಉಬ್ಬಿದ್ದೆಲ್ಲ ಅಚ್ಚಿನದ್ದು ಎಂಬ ಸೂತ್ರಕ್ಕೆ ಇದು ದೊಡ್ಡ ಅಪವಾದ. ಅಚ್ಚಿನ ಉಬ್ಬು ಎಲ್ಲಿ ಬೇಕಾದರೂ ಇರಬಹುದು. ಬ್ರಷ್ಷಿನ ಉಬ್ಬು ಯಾವಾಗಲೂ ಅಕ್ಷರಕ್ಕೆ ಒರಗಿಕೊಂಡೇ ಇರುತ್ತದೆ.

ಬಣ್ಣದಲ್ಲೂ ಆಟ ನಡೆಯುತ್ತದೆ. ಬೆಳ್ಳಿ ಗಾಳಿಯ ಗಂಧಕಕ್ಕೆ ಮಾಸುತ್ತದೆ. ನಿಧಾನವಾಗಿ ಮಾಸಿದ್ದು ಅಂಚಿನಿಂದ ಒಳಕ್ಕೆ ನೀಲಿ, ಕೆನ್ನೇರಳೆ, ಹೊಂಬಣ್ಣ ಹೀಗೆ ಮೆಲ್ಲಗೆ ಒಂದರೊಳಗೊಂದು ಕರಗುತ್ತದೆ. ಗಂಧಕ ಹಚ್ಚಿಯೋ ಬಿಸಿ ಮಾಡಿಯೋ ಅವಸರದಲ್ಲಿ ತರಿಸಿದ ಬಣ್ಣ ಪಟ್ಟೆಪಟ್ಟೆಯಾಗಿ, ಗೀರುಗಳ ಒಳಕ್ಕೂ ಇಳಿದು ಕೂತಿರುತ್ತದೆ. ಗೀರು ಬಿದ್ದ ಮೇಲೆ ಬಣ್ಣ ಬಂದಿದೆ ಎಂದರೆ ತಿಕ್ಕಿದ್ದನ್ನು ಮುಚ್ಚಲು ಬಣ್ಣ ತರಿಸಿರುವ ಸಾಧ್ಯತೆ ಹೆಚ್ಚು. ತಾಮ್ರದ ಮೇಲೆ ಶತಮಾನಗಳಿಂದ ಕೂತ ಹಸಿರು ಗಟ್ಟಿಯಾಗಿ ಲೋಹಕ್ಕೆ ಕಚ್ಚಿಕೊಂಡಿರುತ್ತದೆ. ಬಳಿದ ಹಸಿರು ಅಸಿಟೋನಿನಲ್ಲಿ ಅದ್ದಿದ ಹತ್ತಿಗೆ ಅಂಟಿಕೊಂಡು ಬರುತ್ತದೆ. ಹಿಟ್ಟಿನಂತೆ ಉದುರುವ ತಿಳಿಹಸಿರು ಬೇರೆಯೇ. ಅದು ಕ್ಲೋರೈಡಿನ ರೋಗ, ತೇವ ಇರುವ ತನಕ ಲೋಹವನ್ನು ತಿನ್ನುತ್ತಲೇ ಇರುತ್ತದೆ. ಅಂಥ ನಾಣ್ಯವನ್ನು ಉಳಿದವುಗಳ ಜೊತೆ ಇಡಬಾರದು.

ನಮ್ಮ ಕಡೆ ವಿಶೇಷವಾಗಿ ನೋಡಬೇಕಾದದ್ದು ಒಡವೆಯಾಗಿದ್ದ ನಾಣ್ಯಗಳನ್ನು. ಕಾಸಿನ ಸರ ನಮ್ಮಲ್ಲಿ ಹಳೆಯ ಒಡವೆ. ಲಂಬಾಣಿ ಹೆಂಗಸರ ಉಡುಗೆ ತೊಡುಗೆಯಲ್ಲಿ ಬೆಳ್ಳಿಯ ರೂಪಾಯಿ, ಎಂಟಾಣೆಗಳು ಸಾಲುಸಾಲಾಗಿ ತೂಗುತ್ತಿದ್ದವು. ಅವುಗಳಿಗೆ ಕೊಂಡಿ ಬೆಸೆದಿರುತ್ತಿದ್ದರು ಇಲ್ಲವೇ ತೂತು ಹಾಕಿರುತ್ತಿದ್ದರು. ಮುಂದೆ ಅವು ಮಾರಾಟಕ್ಕೆ ಬಂದಾಗ ಕೊಂಡಿ ಕಿತ್ತು, ತೂತು ಮುಚ್ಚಿ, ಮೇಲೆ ಅಕ್ಷರ ಕೆತ್ತಿ ಕೊಡುವವರಿದ್ದಾರೆ. ರಾಜನ ತಲೆಯ ನೇರ ಮೇಲೆ, ಗಡಿಯಾರದ ಹನ್ನೆರಡರ ಜಾಗದಲ್ಲಿ ಬದಿಯನ್ನು ನೋಡಿ. ಸುತ್ತಲೂ ಒಂದೇ ಸಮ ಇರಬೇಕಾದ ಗೀರುಗಳು ಅಲ್ಲಿ ಮಾತ್ರ ಮಾಯವಾಗಿದ್ದರೆ, ಅಥವಾ ಹೊಸದಾಗಿ ಅರದಿಂದ ಹಾಕಿದಂತೆ ಏರುಪೇರಾಗಿದ್ದರೆ, ಬೆಸುಗೆಯ ಹಳದಿ ಛಾಯೆ ಉಳಿದಿದ್ದರೆ, ಅದು ಕುತ್ತಿಗೆಯಿಂದ ಇಳಿದ ನಾಣ್ಯ. ಮುಚ್ಚಿದ ತೂತಿನ ಸುತ್ತ ಉಂಗುರದಂಥ ಗೆರೆ ಕಾಣುತ್ತದೆ. ಒಂದು ಕಡೆ ಚೆನ್ನಾಗಿ ಮರೆಮಾಡಿದ್ದರೂ ಇನ್ನೊಂದು ಕಡೆ ಸಿಕ್ಕಿಬೀಳುತ್ತದೆ. ಆದ್ದರಿಂದ ಎರಡೂ ಕಡೆಯ ಅದೇ ಜಾಗ ನೋಡಬೇಕು.

ಈಗ ಇಸವಿ ತಿದ್ದುವ ಕಥೆ. ಆರನೇ ಜಾರ್ಜ್ ದೊರೆಯ 1939ರ ರೂಪಾಯಿ ಬಹಳ ಅಪರೂಪದ್ದು. 1938ರದ್ದು ಧಾರಾಳವಾಗಿ ಸಿಗುತ್ತದೆ. ಎಂಟರ ಕೆಳಗಿನ ಸುತ್ತಿನ ಎಡ ಪಕ್ಕ ಕೆರೆದರೆ ಒಂಬತ್ತಾಯಿತು. ಭೂತಗನ್ನಡಿ ಹಿಡಿದು ಆ ಕೊನೆಯ ಅಂಕಿಯ ಎಡಕ್ಕೆ ನೋಡಿ. ಕೆರೆದ ಜಾಗದ ನೆಲ ಸುತ್ತಲಿನ ನೆಲಕ್ಕಿಂತ ಚೂರು ತಗ್ಗಾಗಿ, ಗೀರಾಗಿರುತ್ತದೆ. ಒಂಬತ್ತಿನ ಬಾಲ ತುದಿಯಲ್ಲಿ ಥಟ್ಟನೆ ಕಡಿದಂತಿರುತ್ತದೆ. ಸಾಲಿನಲ್ಲೇ ಇನ್ನೊಂದು ಒಂಬತ್ತು ಇದೆಯಲ್ಲ, ಶತಮಾನದ್ದು. ಎರಡನ್ನೂ ಹೋಲಿಸಿ. ಎರಡರ ಮೈಕಟ್ಟು ಹೊಂದದಿದ್ದರೆ ಅನುಮಾನ ಪಡಿ.

ಇನ್ನೊಂದು ದಾರಿಯಿದೆ. 1940ರಿಂದ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ತಾಮ್ರ, ನಿಕ್ಕಲ್, ಸತು ಬೆರೆಸಿದರು. ತೂಕ ಅದೇ 11.66 ಗ್ರಾಂ. ಆ ನಂತರದ ನಾಣ್ಯದ ಇಸವಿ ತಿದ್ದಿ 1939 ಮಾಡಿದರೆ ತಕ್ಕಡಿ ಮೋಸ ಹೋಗುತ್ತದೆ. ನೀರು ಮೋಸ ಹೋಗುವುದಿಲ್ಲ. ಒಂದು ಗ್ರಾಮಿನ ನೂರನೆಯ ಒಂದು ಪಾಲು ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ತೆಗೆದುಕೊಳ್ಳಿ. ಮೇಲೆ ಒಂದು ಲೋಟ ನೀರಿಟ್ಟು ಗುಂಡಿ ಒತ್ತಿ ಸೊನ್ನೆ ಮಾಡಿ. ನಾಣ್ಯವನ್ನು ಹೊಲಿಗೆ ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಕೈಯಲ್ಲೇ ಹಿಡಿದಿರಿ. ಗುಳ್ಳೆ ಅಂಟಿಕೊಂಡಿದ್ದರೆ ಒಮ್ಮೆ ಅಲುಗಿಸಿ. ತಕ್ಕಡಿ ತೋರಿಸುವುದು ನಾಣ್ಯ ತಳ್ಳಿದ ನೀರಿನ ತೂಕ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಾದರೆ ಅದು ಸುಮಾರು 1.13 ಗ್ರಾಂ. ಅರ್ಧ ಬೆಳ್ಳಿಯಾದರೆ ಸುಮಾರು 1.22. ನಾಣ್ಯದ ತೂಕವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಸಾಂದ್ರತೆ ಬರುತ್ತದೆ: ಮೊದಲನೆಯದಕ್ಕೆ 10.3, ಎರಡನೆಯದಕ್ಕೆ 9.5ರ ಆಸುಪಾಸು. ಸವೆದ ನಾಣ್ಯದ ತೂಕ ಕಡಿಮೆಯಾಗಿದ್ದರೂ ಸಾಂದ್ರತೆ ಬದಲಾಗುವುದಿಲ್ಲ. ನೀರು ನಾಣ್ಯಕ್ಕೆ ಹಾನಿ ಮಾಡದು. ಆಮೇಲೆ ಒರೆಸದೆ ಮೆತ್ತನೆಯ ಬಟ್ಟೆಯ ಮೇಲೆ ಒತ್ತಿ ಒಣಗಿಸಬೇಕು, ಅಷ್ಟೆ.

ಎರಕ ಹೊಯ್ದ ನಕಲಿಗಳೂ ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಬೀಳುತ್ತವೆ. ಎರಕದ ನಾಣ್ಯದ ಅಕ್ಷರಗಳು ಸೋಪು ಕರಗಿದಂತೆ ಮೊಂಡಾಗಿರುತ್ತವೆ. ಮೈಮೇಲೆ ಗಾಳಿಗುಳ್ಳೆಯ ಸಣ್ಣ ಕುಳಿಗಳಿರುತ್ತವೆ. ಎರಡು ಅಚ್ಚು ಕೂಡಿದ ಗೆರೆ ಬದಿಯಲ್ಲಿ ಸುತ್ತಲೂ ಓಡುತ್ತದೆ, ಇಲ್ಲವೇ ಅದನ್ನು ಅಳಿಸಿದ ಅರದ ಗುರುತು ಇರುತ್ತದೆ. ಪ್ರವಾಸಿ ತಾಣಗಳಲ್ಲಿ ‘ಹೊಲ ಉಳುವಾಗ ಸಿಕ್ಕಿತು ಸಾರ್’ ಎಂದು ಪಿಸುಮಾತಿನಲ್ಲಿ ಮಾರುವ ನಾಣ್ಯಗಳಲ್ಲಿ ಇವೇ ಹೆಚ್ಚು. ಒಂದೇ ಕಡೆ ಎರಡು ನಾಣ್ಯ ಸಿಕ್ಕಿ, ಎರಡರಲ್ಲೂ ಅದೇ ಜಾಗದಲ್ಲಿ ಅದೇ ಗೀರು ಇದ್ದರೆ ಲೆಕ್ಕ ಮುಗಿಯಿತು. ಎರಡು ನಾಣ್ಯ ಒಂದೇ ರೀತಿ ಗಾಯಗೊಳ್ಳಲು ಸಾಧ್ಯವಿಲ್ಲ. ಎರಡೂ ಒಂದೇ ತಾಯಿ ನಾಣ್ಯದ ಎರಕ.

ಕೈಯಿಂದ ಹೊಡೆದ ಹಳೆಯ ತಾಮ್ರದ ನಾಣ್ಯಗಳಲ್ಲಿ ಸವೆದ ಆನೆಗೆ ಹೊಸ ಕಣ್ಣು, ಮಾಯವಾದ ಇಸವಿಗೆ ಹೊಸ ಅಂಕಿ ಕೆತ್ತುವುದುಂಟು. ಪೆಟ್ಟಿನಿಂದ ಎದ್ದ ಅಕ್ಷರದ ಬುಡ ಇಳಿಜಾರಾಗಿ ನೆಲದೊಡನೆ ಸೇರುತ್ತದೆ. ಕೆತ್ತಿ ಎಬ್ಬಿಸಿದ ಅಕ್ಷರದ ಸುತ್ತ ನೆಲವೇ ತಗ್ಗಿರುತ್ತದೆ, ಏಕೆಂದರೆ ಅಕ್ಷರ ಎತ್ತರಿಸಲು ಬೇರೆ ಲೋಹ ಇಲ್ಲ, ನೆಲವನ್ನೇ ಕೆರೆಯಬೇಕು.

ಇಷ್ಟು ಪರೀಕ್ಷೆಯೂ ಬೇಡದ ಒಂದು ವರ್ಗವಿದೆ. ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818 ಎಂದು ಬರೆದು ಹಿಂದೆ ರಾಮ ಸೀತೆ ಲಕ್ಷ್ಮಣ ಹನುಮರ ಚಿತ್ರವಿರುವ ಬಿಲ್ಲೆಗಳು. ಕಂಪನಿ ಅಂಥ ನಾಣ್ಯ ಹೊಡೆಸಲೇ ಇಲ್ಲ. ದೇವರ ಮನೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಲಕ್ಷಗಟ್ಟಲೆ ಬೆಲೆ ಎಂದರೆ ನಂಬಬೇಡಿ. ಅಕ್ಕಿಕಾಳನ್ನು ಸೆಳೆಯುವ ನಾಣ್ಯ, ಅದನ್ನು ಕೊಳ್ಳಲು ವಿದೇಶದ ಕಂಪನಿ ಕಾದಿದೆ ಎನ್ನುವ ‘ರೈಸ್ ಪುಲ್ಲಿಂಗ್’ ಜಾಲದಲ್ಲಿ ಮನೆಮಠ ಕಳೆದುಕೊಂಡವರಿದ್ದಾರೆ. ಯಾವ ಲೋಹವೂ ಅಕ್ಕಿಯನ್ನು ಸೆಳೆಯುವುದಿಲ್ಲ. ಅಯಸ್ಕಾಂತಕ್ಕೆ ನಾಣ್ಯ ಅಂಟುವುದರಲ್ಲಿಯೂ ಪವಾಡವಿಲ್ಲ. 1947ರ ಹುಲಿ ಚಿತ್ರದ ರೂಪಾಯಿ ನಿಕ್ಕಲ್‌ನದು, ಅಂಟುತ್ತದೆ. ಬೆಳ್ಳಿ ರೂಪಾಯಿ ಅಂಟಿದರೆ ಅದು ಬೆಳ್ಳಿಯಲ್ಲ ಎಂದಷ್ಟೇ ಅರ್ಥ.

ಕೊನೆಯದಾಗಿ ಕೆಲವು ಕಿವಿಮಾತು. ನಾಣ್ಯವನ್ನು ಬದಿ ಹಿಡಿದು ಎತ್ತಿ, ಮೈ ಮುಟ್ಟಬೇಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸಣ್ಣ ತಕ್ಕಡಿ, ಒಂದು ಮೇಜಿನ ದೀಪ ಇದ್ದರೆ ಸಾಕು. ಮೆತ್ತನೆಯ ಪಿವಿಸಿ ಚೀಲದಲ್ಲಿ ಇಡಬೇಡಿ, ವರ್ಷಗಳಲ್ಲಿ ಅದು ಹಸಿರು ಜಿಗುಟು ಬಿಡುತ್ತದೆ. ಅಸಲಿಯನ್ನು ನೋಡಿ ನೋಡಿ ಕಣ್ಣು ಪಳಗಿದರೆ ನಕಲಿ ತಾನೇ ಎದ್ದು ಕಾಣುತ್ತದೆ. ಅದಕ್ಕೆ ವಸ್ತುಸಂಗ್ರಹಾಲಯಗಳಿವೆ, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿಯೇ ನಾಣ್ಯಗಳ ಸಂಗ್ರಹಾಲಯ ಮಾಡಿದ್ದಾರೆ. ಹೊಲದಲ್ಲೋ ಪಾಯ ತೋಡುವಾಗಲೋ ನಾಣ್ಯದ ಗಡಿಗೆ ಸಿಕ್ಕಿದರೆ ತೊಳೆಯಬೇಡಿ, ಹಂಚಿಕೊಳ್ಳಬೇಡಿ. ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾನೂನೇ ಇದೆ. ಮಣ್ಣು ಮೆತ್ತಿದ ಗಂಟಿನಲ್ಲಿ ಯಾವ ನಾಣ್ಯದ ಪಕ್ಕ ಯಾವುದಿತ್ತು ಎನ್ನುವುದೇ ಚರಿತ್ರೆಕಾರರಿಗೆ ಬೇಕಾದ ಸಾಕ್ಷ್ಯ.

ತಿದ್ದಿದ ನಾಣ್ಯವನ್ನು ಇಟ್ಟುಕೊಳ್ಳಲೇ ಬಾರದೆಂದು ನಾನು ಹೇಳುವುದಿಲ್ಲ. ಕೊಂಡಿ ಕಿತ್ತ ರೂಪಾಯಿಗೂ ಒಬ್ಬ ಹೆಣ್ಣುಮಗಳ ಕೊರಳಿನ ಚರಿತ್ರೆಯಿದೆ. ತೊಳೆದ ಕಾಲಾಣೆಯೂ ಮಕ್ಕಳಿಗೆ ಪಾಠ ಹೇಳಲು ಒದಗುತ್ತದೆ. ಆದರೆ ಅದನ್ನು ಅದರ ಬೆಲೆಗೆ ಕೊಳ್ಳಬೇಕು. ಆದ್ದರಿಂದ ಮುಂದಿನ ಸಲ ನಾಣ್ಯ ಕೊಳ್ಳುವಾಗ ಮಾರುವವರನ್ನು ನೇರವಾಗಿ ಕೇಳಿ: ಇದನ್ನು ತೊಳೆದಿದ್ದೀರಾ? ಕೊಂಡಿ ಇತ್ತಾ? ತೂತು ಮುಚ್ಚಿದೆಯಾ? ಇಲ್ಲ ಅಂದರೆ ಅದನ್ನೇ ರಸೀದಿಯಲ್ಲಿ ಬರೆದು ಕೊಡಿ ಅನ್ನಿ. ನಂಬಿಕಸ್ಥರಾದರೆ ಬರೆದು ಕೊಡುತ್ತಾರೆ. ಬರೆಯಲು ಹಿಂದೇಟು ಹಾಕಿದರೆ ಭೂತಗನ್ನಡಿ ತೆಗೆಯುವ ಶ್ರಮವೂ ನಿಮಗೆ ಉಳಿಯಿತು.